ಜೂನ್ ಒಂದರಂದು ಹುಟ್ಟಿದವರು

...ಚಾಚಾನ ಬಲಗಿವಿಯಲ್ಲಿ ಅತ್ತರಿನ ಹತ್ತಿ ಇತ್ತು ಎಂದು ಬರೆದು ಹೊಡೆದುಹಾಕಿದ್ದೇನೆ. ಎಡಗಿವಿ ಇರಬಹುದು. ಅತ್ತರನ್ನು ನಾನೇ ಆಮೇಲೆ ನೆನಪಿಗೆ ಅಂಟಿಸಿರಲೂಬಹುದು, ಮುದುಕ ಚಾಚಾ ಎಂದರೆ ಹಾಗಿರಬೇಕೆಂದು. ಖಾತ್ರಿಯಿರುವುದು ಕಾರ್ಬನ್ ಹಾಳೆಯ ವಾಸನೆ ಒಂದೇ. ಅದೂ ಮೊನ್ನೆ ನನ್ನ ಮೇಜಿನ ಮೇಲೆಯೇ ಬಂದದ್ದು.

ನಾನು ಹಳಿಯಾಳದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಮೊನ್ನೆ ಇಬ್ಬರು ಹುಡುಗರು ಕಾಲೇಜಿನಲ್ಲಿ ಓದುತ್ತಿರುವ ಬಗ್ಗೆ ಸರ್ಟಿಫಿಕೇಟ್ ಕೇಳಲು ಬಂದರು. ಯಾಕೆ ಎಂದರೆ ಒಬ್ಬರ ಮುಖ ಒಬ್ಬರು ನೋಡಿದರು. ಕೆರೆಯ ದಂಡೆಯಲ್ಲಿ ಬಿಯರ್ ಕುಡಿಯುತ್ತಿದ್ದಾಗ ಪೊಲೀಸರು ಹಿಡಿದಿದ್ದರಂತೆ, ಮರುದಿನ ಕೋರ್ಟಂತೆ. ರಸೀದಿ ಪುಸ್ತಕದೊಳಗೆ ಹೊಸ ಕಾರ್ಬನ್ ಇಡುವಾಗ ಆ ವಾಸನೆ ಬಂತು, ಮೇಣಕ್ಕೆ ಸೀಮೆಎಣ್ಣೆ ಬೆರೆತಂಥದ್ದು. ಹಿಂದೆಯೇ ದಾಂಡೇಲಿಯ ಕೋರ್ಟಿನ ಎದುರಿನ ನೀಲಿ ತಾಡಪತ್ರಿ, ಅದರ ಕೆಳಗೆ ಟೈಪಿಂಗ್ ಚಾಚಾ.

ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವರು. ಆ ಕೆಲಸ ಹೋದ ಮೇಲೆ ಟೈಪ್‌ರೈಟರನ್ನು ತಂದು ಕೋರ್ಟಿನ ಎದುರು ಇಟ್ಟುಕೊಂಡಿದ್ದರು. ಯಾರ ಅರ್ಜಿಯೇ ಇರಲಿ, ಕೇಳದೆ ಕಾರ್ಬನ್ ಹಾಕಿ ಒಂದು ಪ್ರತಿ ತಾವು ಇಟ್ಟುಕೊಳ್ಳುತ್ತಿದ್ದರು. "ಕೋರ್ಟ್ ಕಳಕೋತೈತಿ, ಪಾರ್ಟಿ ಕಳಕೋತಾನ, ನಾ ಕಳಕೊಳ್ಳೂದಿಲ್ಲ" ಎಂದು ಪಕ್ಕದ ತಗಡಿನ ಟ್ರಂಕನ್ನು ತಟ್ಟುತ್ತಿದ್ದರು. ಈ ಮಾತು ಅವರದೇ. ಇದನ್ನು ನಾನು ಕಟ್ಟಿಲ್ಲ.

ನಾವು ಅವರ ಮುಂದೆ ನಿಂತದ್ದು ಡಿಗ್ರಿ ಮೊದಲ ವರ್ಷದಲ್ಲಿ. ನಾನು ಮತ್ತು ನನ್ನ ರೂಮಿನ ಗೆಳೆಯ. ಅವನು ಜೊಯಿಡಾದ ಆಚೆ, ದಿನಕ್ಕೆ ಒಂದೇ ಬಸ್ಸು ಬರುವ ಊರಿನವನು. ಫಾರೆಸ್ಟ್ ಗಾರ್ಡ್ ಆಗಬೇಕೆಂದು ದಿನಾ ಬೆಳಿಗ್ಗೆ ಓಡುತ್ತಿದ್ದ, ಆ ಒಂದು ನೌಕರಿ ಬಿಟ್ಟು ಬೇರೆ ಏನನ್ನೂ ಯೋಚಿಸಿದವನಲ್ಲ. ಭಾನುವಾರ ಮಧ್ಯಾಹ್ನ ಕಾಳಿ ಹೊಳೆಯ ದಂಡೆಯಲ್ಲಿ ಎರಡು ಬಾಟಲಿಯ ಜೊತೆ ಸಿಕ್ಕಿಬಿದ್ದೆವು. ಬಾಟಲಿ ಕೊಂಡುತಂದವನು ನಾನು, ಕುಡಿಯೋಣ ಎಂದವನೂ ನಾನು... ಬಹುಶಃ.

ಚಾಚಾ ನಮ್ಮ ಮಾರ್ಕ್ಸ್ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು.

"ಇಬ್ಬರೂ ಜೂನ್ ಒಂದಕ್ಕ ಹುಟ್ಟೀರಲ್ಲೋ. ನಿಮ್ಮ ಅವ್ವಗೋಳು ಮಾತಾಡ್ಕೊಂಡಿದ್ರೇನ?"

ಗೆಳೆಯ ನಕ್ಕ. "ಮಾಸ್ತರು ಬರದಿದ್ದು ಚಾಚಾ. ನಮ್ಮೂರ ಸಾಲಿಗೆ ಹುಡುಗ್ರು ಕಡಿಮಿ ಬಿದ್ದಿದ್ರು, ಮುಚ್ಚತಿದ್ರು. ನನ್ನ ವಯಸ್ಸು ಏರಿಸಿ ಕೂಡಿಸಿದ್ರು. ಖರೇ ಅಂದ್ರ ಮರುವರ್ಷದ ಚವತಿ ಮುಗದ ಮ್ಯಾಲ ಹುಟ್ಟಿದ್ದಂತ, ಆಯಿ ಹೇಳ್ತಾಳ."

ಚಾಚಾ ಬೆರಳು ಮಡಿಚಿ ಲೆಕ್ಕ ಹಾಕಿದರು. ಕಾಗದದಲ್ಲಿ ಹದಿನೆಂಟು ದಾಟಿತ್ತು. ಖರೇ ವಯಸ್ಸು ಹದಿನೇಳೂ ತುಂಬಿರಲಿಲ್ಲ.

"ಕುಡೀಲಿಕ್ಕೆ ಇಲ್ಲಿ ಇಪ್ಪತ್ತೊಂದಾಗಬೇಕು, ಗೋವಾದಾಗ ಹದಿನೆಂಟಾದ್ರ ಸಾಕು. ಅನಮೋಡ ಗಡಿ ದಾಟಿದ್ರ ನೀವು ಗಂಡಸ್ರು, ಹೊಳ್ಳಿ ಬಂದ್ರ ಕೂಸು. ಅದಿರ್ಲಿ. ಬೇಟಾ, ನಿನಗ ಹದಿನೆಂಟು ತುಂಬಿಲ್ಲಂದ್ರ ನಿನ್ನ ಕೇಸು ಈ ಕೋರ್ಟಿಂದಲ್ಲ. ಮಕ್ಕಳ ಬೋರ್ಡ್ ಬ್ಯಾರೆ ಐತಿ. ಅಲ್ಲಿ ಆದದ್ದು ಮುಂದ ನೌಕರಿಗೆ ಅಡ್ಡ ಬರಂಗಿಲ್ಲ."

ಆಸೆ ಹುಟ್ಟಿಸಿ ಬಿಡುವವರಲ್ಲ ಅವರು. ಮೊದಲು ನೋಡುವುದು ಶಾಲೆಯ ಕಾಗದವನ್ನೇ, ಅದು ಅವನ ವಿರುದ್ಧವೇ ಇದೆ ಎಂದರು. ಅವನ ಊರಿನ ನರ್ಸಮ್ಮನ ಹಳೆಯ ರಿಜಿಸ್ಟರು ಸಿಕ್ಕರೆ ಸಿಗಬಹುದು, ಅದನ್ನು ಹುಡುಕಲು ಒಂದು ತಾರೀಖು ಕೇಳಬೇಕು, ಪುಕ್ಕಟೆ ವಕೀಲರನ್ನೂ ಕೇಳಬಹುದು, ಆಮೇಲೆ ಕೇಸು ತಿಂಗಳುಗಟ್ಟಲೆ ಎಳೆಯಬಹುದು. ಇಲ್ಲವೇ ಎಲ್ಲರೂ ಮಾಡುವಂತೆ ತಪ್ಪು ಒಪ್ಪಿಕೊಂಡು, ದಂಡ ಕಟ್ಟಿ, ಮಧ್ಯಾಹ್ನದ ಊಟಕ್ಕೆ ರೂಮಿಗೆ ಹೋಗಬಹುದು.

ಗೆಳೆಯ ಊರಿಗೆ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ಗೇಟಿನ ಕಡೆ ಹೋದ. ಚಾಚಾ ಅಷ್ಟರಲ್ಲಿ, ವಯಸ್ಸಿನ ಕಾಗದ ತರಲು ತಾರೀಖು ಕೇಳುವ ಅರ್ಜಿ ಟೈಪ್ ಮಾಡಿ ಮುಗಿಸಿದರು. ಮೇಲಿನ ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಅವನ ಸೈನ್ ಹಾಕ್ಸು. ಹೆಸರು ಕರದ ಕೂಡ್ಲೆ ಸಾಹೇಬ್ರ ಮುಂದ ಇದನ್ನ ಹಿಡೀಲಿ. ಬಾಯಿ ತಗದು ಹೌದ್ರಿ ಅನಬಾರದು, ತಿಳೀತಿಲ್ಲೋ?"

ಇಲ್ಲಿಂದ ಮುಂದೆ ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ನನ್ನ ಅಪ್ಪ ಲಿಂಗಪೂಜೆ ಮುಗಿಸದೆ ನೀರು ಮುಟ್ಟುವವರಲ್ಲ. ತಾರೀಖು ಬಿದ್ದರೆ ಸಮನ್ಸು ಮನೆಗೆ ಬರುತ್ತದೆ, ಪೊಲೀಸ್ ನಮ್ಮ ಅಂಗಡಿಯ ಮುಂದೆ ನಿಂತು ನನ್ನ ಹೆಸರು ಹೇಳುತ್ತಾನೆ ಎಂಬುದೊಂದೇ ತಲೆಯಲ್ಲಿತ್ತು. ಇಬ್ಬರದೂ ಒಂದೇ ಕೇಸು, ಅವನದು ನಿಂತರೆ ನನ್ನದೂ ನಿಲ್ಲುತ್ತದೆ ಎಂದುಕೊಂಡೆ. ಹಾಗೆ ನಿಲ್ಲಬೇಕಾಗಿಲ್ಲ ಎಂದು ಈಗ ಗೊತ್ತು. ಆಗ ಚಾಚಾನನ್ನು ಕೇಳಲಿಲ್ಲ. ಅವರು ಮೂರು ಮಾರು ದೂರದಲ್ಲಿ ಕೂತಿದ್ದರು.

ಗೆಳೆಯ ವಾಪಸ್ ಬಂದು "ಏನಂದ್ರಲೇ ಚಾಚಾ?" ಎಂದು ಕೇಳಿದ. ನಾನು ಒಂದು ಸಲ ನೆನೆದಾಗ "ಒಪ್ಕೊಂಡ್ಬಿಡು ಅಂದ್ರು" ಎನ್ನುತ್ತೇನೆ. ಇನ್ನೊಂದು ಸಲ "ನಿನ್ನ ಇಷ್ಟ ಅಂದ್ರು" ಎನ್ನುತ್ತೇನೆ. ಮತ್ತೊಂದು ಸಲ ಅವನು ಕೇಳುವುದೇ ಇಲ್ಲ. ಅರ್ಜಿ ಮಾತ್ರ ಮೂರೂ ಸಲ ನನ್ನ ಪ್ಯಾಂಟಿನ ಜೇಬಿನಲ್ಲೇ ಇರುತ್ತದೆ.

ಹೆಸರು ಕರೆದರು. ನಾನು ಹೌದ್ರಿ ಎಂದೆ. ಅವನೂ ಹೌದ್ರಿ ಎಂದ.

ದಂಡ ಕಟ್ಟಿ ಅವನಿಗಿಂತ ಮೊದಲು ಹೊರಗೆ ಬಂದಾಗ ಚಾಚಾ ಬೇರೆ ಯಾರದೋ ಕಾಗದ ಟೈಪ್ ಮಾಡುತ್ತಿದ್ದರು. ತಲೆ ಎತ್ತದೆ ಕೇಳಿದರು, "ಕೊಟ್ಟಿಯೇನ?"

"ಹೂಂ ಚಾಚಾ" ಎಂದೆ.

ಕೀಲಿಗಳ ಸದ್ದು ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ನಿಂತದ್ದು ನನ್ನ ಮಾತಿಗೋ, ಸಾಲು ಮುಗಿದು ಹಾಳೆ ಸರಿಸುವುದಕ್ಕೋ...

ಎರಡು ವರ್ಷದ ಮೇಲೆ ಗೆಳೆಯ ಫಾರೆಸ್ಟ್ ಗಾರ್ಡ್ ನೇಮಕದ ಓಟದಲ್ಲಿ ಗೆದ್ದ, ಪಟ್ಟಿಯಲ್ಲಿ ಹೆಸರು ಬಂತು. ಪೊಲೀಸ್ ತಪಾಸಣೆಯ ಫಾರ್ಮಿನಲ್ಲಿ, ಯಾವುದಾದರೂ ಕೇಸಿನಲ್ಲಿ ಶಿಕ್ಷೆಯಾಗಿದೆಯೇ ಎಂಬ ಸಾಲಿಗೆ ಅವನು 'ಇಲ್ಲ' ಎಂದು ಬರೆದ. ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಜೈಲಿಗೆ ಹೋದರೆ ಮಾತ್ರ ಶಿಕ್ಷೆ. "ಫೈನ್ ಅಂದ್ರ ಶಿಕ್ಷಾ ಅಲ್ಲಲೇ, ಟಿಕೆಟ್ ಇಲ್ಲಂದ್ರ ಬಸ್ಸಿನಾಗೂ ಹಾಕ್ತಾರ" ಎಂದು ಫಾರ್ಮ್ ತುಂಬುವಾಗ ನನಗೇ ಹೇಳಿದ್ದ. ನಾನೂ ಹೌದೆಂದಿದ್ದೆ. ಕೋರ್ಟಿನ ದಾಖಲೆ ಬೇರೆ ಹೇಳಿತು. ಮಾಹಿತಿ ಮುಚ್ಚಿಟ್ಟನೆಂದು ಆಯ್ಕೆ ರದ್ದಾಯಿತು. ಅವನು ಗೋವಾದ ಕಡೆ ಹೋದ. ಮೊದಮೊದಲು ಫೋನು ಬರುತ್ತಿತ್ತು. ಒಂದು ಸಲವೂ ಆ ಅರ್ಜಿಯ ಮಾತು ತೆಗೆಯಲಿಲ್ಲ. ಅಂಥದ್ದೊಂದು ಇತ್ತೆಂದು ಅವನಿಗೆ ಗೊತ್ತಿರಲಿಲ್ಲವೇನೋ. ಆ ನಂಬರು ಈಗ ಇಲ್ಲ.

ಮೊನ್ನೆಯ ಹುಡುಗರಿಗೆ ಚಾಚಾ ಹೇಳಿದ್ದನ್ನೆಲ್ಲ ಹೇಳಿದೆ. ತಪ್ಪು ಒಪ್ಪಿಕೊಂಡರೆ ದಾಖಲೆಯಲ್ಲಿ ಉಳಿಯುತ್ತದೆ, ಮೊದಲು ವಕೀಲರನ್ನು ಕಾಣಿರಿ ಎಂದೆ.

"ಎಲ್ಲಾರೂ ಹಂಗ ಮಾಡ್ತಾರ್ರಿ ಸರ್" ಎಂದ ಒಬ್ಬ. "ಫೈನ್ ಕಟ್ಟಿದ್ರ ಮಧ್ಯಾಹ್ನದಾಗ ಮುಗೀತೈತಿ. ಮನ್ಯಾಗ ಗೊತ್ತಾಗಬಾರ್ದ್ರಿ ಅಷ್ಟ."

ರಿಜಿಸ್ಟರಿನಲ್ಲಿ ಅವನ ಹುಟ್ಟಿದ ದಿನ ನೋಡಿದೆ. ಜೂನ್ ಒಂದು. ಖರೇ ಯಾವಾಗ ಎಂದು ಕೇಳಬೇಕಿತ್ತು. ಸರ್ಟಿಫಿಕೇಟಿಗೆ ಸಿಕ್ಕೆ ಒತ್ತಿ ಕೊಟ್ಟೆ.

ಮರುದಿನ ರಜೆ ಹಾಕಿ ದಾಂಡೇಲಿಗೆ ಹೋದೆ. ತಾಡಪತ್ರಿಯ ಜಾಗದಲ್ಲಿ ಈಗ ಝೆರಾಕ್ಸ್ ಅಂಗಡಿ. ಚಾಚಾ ತೀರಿಕೊಂಡು ಬಹಳ ವರ್ಷವಾಯಿತೆಂದರು. ವಿಳಾಸ ಕೇಳಿಕೊಂಡು ಮನೆ ಹುಡುಕಿದೆ. ಅವರ ಮಗಳು ಚಹಾ ಕೊಟ್ಟಳು. ಟ್ರಂಕು ಇತ್ತು, ಒಳಗೆ ಚಾದರಗಳಿದ್ದವು.

"ಕಾಗದಕ್ಕ ಗೆದ್ದಲು ಹತ್ತಿತ್ರಿ ಅಣ್ಣಾ. ಅಬ್ಬಾ ಹೋದ ಮ್ಯಾಲ ಎಲ್ಲಾ ಸುಟ್ಟಿವಿ. ನಿಮ್ದೇನರ ಇತ್ತೇನ್ರಿ ಅದರಾಗ?"

ಗೆಳೆಯನದು ಎಂದೆ.

ಆ ಹಾಳೆಯಲ್ಲಿ ಏನಿತ್ತೆಂದು ನಾನು ಇಲ್ಲಿ ಬರೆದದ್ದು ಊಹೆ. ಅದನ್ನು ಬಿಚ್ಚಿ ಓದಿದ ನೆನಪು ನನಗಿಲ್ಲ. ಕೊಟ್ಟಿದ್ದರೆ ಸಾಹೇಬರು ತಾರೀಖು ಕೊಡುತ್ತಿದ್ದರೋ, ನರ್ಸಮ್ಮನ ರಿಜಿಸ್ಟರು ಸಿಗುತ್ತಿತ್ತೋ, ಗೊತ್ತಿಲ್ಲ. ಅವತ್ತು ನಾನು ಹೂಂ ಎಂದದ್ದನ್ನು ಚಾಚಾ ನಂಬಿದರೋ ಇಲ್ಲವೋ, ಅದೂ ಗೊತ್ತಿಲ್ಲ.