ಒಂಬತ್ತು ಪಂಚುಗಳ ಪೆಟ್ಟಿಗೆ

ಸೇಡಂ ರಸ್ತೆಯಲ್ಲಿ ದೊಡ್ಡ ಕೊಡೆಯ ಕೆಳಗೆ ಟೇಬಲ್ ಹಾಕಿಕೊಂಡು ಕೂತ ಆರ್‌ಟಿಒ ಏಜೆಂಟ್ ನನ್ನ ಕೈಗೆ ಒಂದು ಮೋಟು ಪೆನ್ಸಿಲನ್ನೂ ಬೆರಳಗಲದ ತೆಳು ಕಾಗದದ ಪಟ್ಟಿಯನ್ನೂ ಕೊಟ್ಟ. ನನ್ನ ಹಳೆಯ ಸ್ಕೂಟರ್ ಮಾರಿದ್ದೆ. ಅದು ಇನ್ನೊಬ್ಬರ ಹೆಸರಿಗೆ ಹೋಗಬೇಕಾಗಿತ್ತು.

"ಚಾಸಿ ನಂಬರ್ ಪ್ರಿಂಟ್ ತಗೊಂಡು ಬರ್ರಿ ಸರ್," ಎಂದ. "ಎಲ್ಲಾ ಆನ್‌ಲೈನ್ ಆಗ್ಯಾದ. ಇದೊಂದು ಮಾತ್ರ ಇನ್ನಾ ಪೆನ್ಸಿಲ್‌ದಾಗೇ ಅದ."

ಸ್ಕೂಟರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚಾಸಿಯ ಮೇಲಿನ ಮಣ್ಣನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಉಜ್ಜಿದೆ. ಕಪ್ಪಿನ ನಡುವೆ ಬಿಳಿ ಅಂಕಿಗಳು ಒಂದೊಂದಾಗಿ ಎದ್ದು ಬಂದವು. ಪೆನ್ಸಿಲ್ಲಿನ ಸೀಸ, ಪೆಟ್ರೋಲ್, ಬಿಸಿಲಿಗೆ ಕಾದ ಕಬ್ಬಿಣ... ಮೂರೂ ಸೇರಿದ ಆ ವಾಸನೆಗೆ ನನ್ನ ಕೈ ನಿಂತಿತು. ಪೆನ್ಸಿಲನ್ನು ಹೀಗೆ ಹಿಡಿಯಲು ನನಗೆ ಕಲಿಸಿದವರು ಕಪನೂರಿನ ಮಿಸ್ತ್ರಿ.

ಅವರ ತಗಡಿನ ಶೆಡ್ ಕಪನೂರಿನ ಸಣ್ಣ ಕಾರ್ಖಾನೆಗಳ ಸಾಲಿನ ಕೊನೆಗಿತ್ತು. ನಾನಾಗ ಶರಣಬಸವೇಶ್ವರ ಗುಡಿಯ ಕಡೆ ಬಾಡಿಗೆ ಮನೆಯಲ್ಲಿದ್ದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಯಾರೋ ಬಳಸಿ ಬಿಟ್ಟ ಕಾರೊಂದನ್ನು ಕೊಂಡಿದ್ದೆ. ವಾರಕ್ಕೊಮ್ಮೆಯಾದರೂ ಅದು ನನ್ನನ್ನು ಮಿಸ್ತ್ರಿಯ ಮುಂದೆ ಕೊಂಡೊಯ್ದು ನಿಲ್ಲಿಸುತ್ತಿತ್ತು. "ನಿಮ್ಮ ಗಾಡಿ ಮಾಸ್ತರ್ ಇದ್ದಂಗೇ ಅದ ನೋಡ್ರಿ ಸರ್," ಎನ್ನುತ್ತಿದ್ದರು ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ. "ಸಪ್ಪಳ ಭಾಳ, ಓಟ ಕಡಿಮಿ."

ಅವರ ಮುಖ ಬರೆಯಲು ಹೋದರೆ ಕೈ ತಪ್ಪುತ್ತದೆ. ಬಿಳಿ ಗಡ್ಡ, ದಪ್ಪ ಕನ್ನಡಕ ಎಂದು ಮೊದಲು ಬರೆದೆ. ಹೊಡೆದು ಹಾಕಿದೆ. ಕನ್ನಡಕ ನನ್ನ ಸೋದರಮಾವನದು, ಮಿಸ್ತ್ರಿಯದಲ್ಲ. ಗಡ್ಡ ಬೆಳ್ಳಗಾದದ್ದು ಕೊನೆಗಾಲದಲ್ಲಿ. ಖಚಿತವಾಗಿ ಹೇಳಬಲ್ಲದ್ದು ಎಡಗೈ ಹೆಬ್ಬೆರಳು ಮಾತ್ರ. ಅದರ ಉಗುರು ಸೀಳಿ ಎರಡು ಹೋಳಾಗಿ ಬೆಳೆದಿತ್ತು. "ಜಿಂದಗ್ಯಾಗ ಒಂದೇ ಸಲ ಸುತ್ತಿಗಿ ತಪ್ಪೀನ್ರಿ. ಅದನ್ನೂ ಮೇಲಿನಂವ ಬರದಿಟ್ಟಾನ," ಎಂದು ತೋರಿಸುತ್ತಿದ್ದರು.

ಒಂದು ದಿನ, ನನ್ನ ಗಾಡಿಯ ಮಾತೆಲ್ಲ ಮುಗಿದ ಮೇಲೆ, "ಸರ್, ಇಟಲಿಗಿ ಒಂದು ಕಾಗದ ಬರೀಬೇಕಾಗ್ಯಾದ," ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಕಮಲಾಪುರದ ಗೌಡರೊಬ್ಬರ ಮನೆಯಲ್ಲಿ ಇಟಲಿಯ ಎರಡೇ ಸೀಟಿನ ಕಾರೊಂದಿತ್ತು. ನೆಲಕ್ಕೆ ಅಂಟಿಕೊಂಡಂಥ, ಉದ್ದ ಮೂತಿಯ, ಓಡಲೆಂದೇ ಮಾಡಿದ ಗಾಡಿ. ಗೌಡರು ಅದನ್ನು ಹೈದರಾಬಾದಿನ ಸಾಹುಕಾರರೊಬ್ಬರಿಂದ ತಂದಿದ್ದರಂತೆ. ಮಿಸ್ತ್ರಿ ಹರೆಯದಿಂದಲೂ ಅದನ್ನು ನೋಡಿಕೊಂಡವರು. ಬಿಡಿಭಾಗ ಸಿಗದೆ ಇಂಜಿನ್ ಎಂದೋ ಬದಲಾಗಿತ್ತು. ಬಣ್ಣವೂ ಕೆಂಪಾಗಿತ್ತು. ಅಡಿಯಲ್ಲಿ ಮೊದಲಿನ ಬಣ್ಣ ಆಸ್ಮಾನಿ ಎಂದು ಅವರು ಹೇಳುತ್ತಿದ್ದರು, ಆಕಾಶದ ತಿಳಿನೀಲಿ. ಗೌಡರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಒಬ್ಬಳೇ ಮಗಳು ಕಮಲಾಪುರದ ಶಾಲೆಯಲ್ಲಿ ಪಾಠ ಹೇಳಿ ಆಗಷ್ಟೇ ನಿವೃತ್ತರಾಗಿದ್ದರು. ಊರಿಗೆಲ್ಲ ಅವರು ಅಕ್ಕೋರು. ಕಣ್ಣೆದುರೇ ತುಕ್ಕು ಹಿಡಿಯುವುದನ್ನು ನೋಡಲಾರದೆ ಗಾಡಿಯನ್ನು ಯಾರಾದರೂ ಬಲ್ಲವರಿಗೆ ಕೊಡಬೇಕೆಂದಿದ್ದರು.

ಬಲ್ಲವನೊಬ್ಬ ಬಂದ. ಕೈಯಲ್ಲಿ ಇಂಥ ಗಾಡಿಗಳ ನಂಬರುಗಳ ಪಟ್ಟಿಯಿದ್ದ ದಪ್ಪ ಪುಸ್ತಕ. ಚಾಸಿಯ ಮೇಲೆ ಟಾರ್ಚ್ ಬಿಟ್ಟು ನೋಡಿದ. ಪುಸ್ತಕ ತಿರುವಿದ. ಈ ನಂಬರಿನ ಗಾಡಿ ಇಟಲಿ ಬಿಟ್ಟು ಹೊರಗೇ ಬಂದಿಲ್ಲ, ಇದು ಯಾರೋ ಕೈಯಿಂದ ಹೊಡೆದ ನಂಬರು, ಅಸಲಿ ಗಾಡಿಯನ್ನು ಯಾರೋ ಎಂದೋ ಸಾಗಿಸಿದ್ದಾರೆ ಎಂದು ಅಕ್ಕೋರ ಎದುರೇ ಹೇಳಿ ಹೋದ. ಗೌಡರ ಕಾಲದಲ್ಲಿ ಆ ಗಾಡಿ ಒಂದು ವರ್ಷ ಪೂರ್ತಿ ಬಣ್ಣಕ್ಕೆಂದು ಮಿಸ್ತ್ರಿಯ ಶೆಡ್ಡಿನಲ್ಲೇ ಇತ್ತು.

"ಅಕ್ಕೋರು ಏನೂ ಅನಲಿಲ್ರಿ," ಎಂದರು ಮಿಸ್ತ್ರಿ. "ನನ್ನ ಕಡಿ ನೋಡಿದ್ರು. ಅಷ್ಟೇ."

ಇಟಲಿಯ ಆ ಕಂಪನಿ ತಾನು ಮಾಡಿದ ಪ್ರತಿಯೊಂದು ಗಾಡಿಯ ದಾಖಲೆಯನ್ನೂ ಇಟ್ಟಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಯಾವ ನಂಬರಿಗೆ ಯಾವ ಬಣ್ಣ, ಯಾವ ದೇಶಕ್ಕೆ ಹೋಯಿತು, ಎಲ್ಲ. ಪುಸ್ತಕ ತಪ್ಪಿರಬಹುದು, ಕಂಪನಿ ತಪ್ಪುವುದಿಲ್ಲ ಎನ್ನುವುದು ಅವರ ನಂಬಿಕೆ. ಅಲ್ಲಿಂದ ಒಂದು ಕಾಗದ ಬಂದರೆ ಅದನ್ನು ಅಕ್ಕೋರ ಕೈಗಿಟ್ಟು ಬರುವುದು. ಮಿಸ್ತ್ರಿಗೆ ಬೇಕಾಗಿದ್ದದ್ದು ಅಷ್ಟೇ.

ಭಾನುವಾರ ಇಬ್ಬರೂ ಕಮಲಾಪುರಕ್ಕೆ ಹೋದೆವು. ದನದ ಕೊಟ್ಟಿಗೆಯನ್ನು ತೆರವು ಮಾಡಿ ಗಾಡಿಯನ್ನು ಅಲ್ಲಿ ನಿಲ್ಲಿಸಿದ್ದರು. ಅಕ್ಕೋರು ನನಗೆ ಕುರ್ಚಿ ತರಿಸಿದರು, ಚಹಾ ತರಿಸಿದರು. ಮಿಸ್ತ್ರಿಗೂ ಚಹಾ ಬಂತು. ಆದರೆ ಅಕ್ಕೋರು ಅವರೊಂದಿಗೆ ಮಾತಾಡಲಿಲ್ಲ. ಮಿಸ್ತ್ರಿ ನನ್ನ ಕೈ ಹಿಡಿದು ಪೆನ್ಸಿಲ್ ಮಲಗಿಸಿದರು. "ಒತ್ತಬ್ಯಾಡ್ರಿ ಸರ್, ಸವರ್ರಿ. ತಾನೇ ಹೇಳ್ತದ." ಐದು ಅಂಕಿಗಳು ಎದ್ದವು. ಮೂರನೆಯದು ಒಂಬತ್ತು.

ಕಾಗದ ಟೈಪ್ ಮಾಡಿದೆ, ಪ್ರಿಂಟಿನ ಪಟ್ಟಿಯನ್ನೂ ಜೊತೆಗಿಟ್ಟೆ. ಉತ್ತರಕ್ಕೆ ಎಷ್ಟು ತಿಂಗಳು ಕಾದೆವೋ, ನೆನಪಿಲ್ಲ. ಮಿಸ್ತ್ರಿ ಪ್ರತಿ ಶುಕ್ರವಾರ ನಮಾಜು ಮುಗಿಸಿ ನಮ್ಮ ಮನೆಯ ಮುಂದೆ ಹಾಯುತ್ತಿದ್ದರು. ಕೇಳುತ್ತಿರಲಿಲ್ಲ. ಸೈಕಲ್ ನಿಧಾನ ಮಾಡುತ್ತಿದ್ದರು. ನಾನು ಕೈಯಾಡಿಸಿದರೆ ಪೆಡಲ್ ತುಳಿದು ಮುಂದೆ ಹೋಗುತ್ತಿದ್ದರು.

ಉತ್ತರ ಬಂತು. ಆ ನಂಬರಿನ ಗಾಡಿ ಬಿಳಿಯದು, ತಮ್ಮ ದೇಶದಲ್ಲೇ ಮಾರಾಟವಾದದ್ದು, ಅದರ ಒಡೆಯರು ಈಗಲೂ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ನಿಮ್ಮಲ್ಲಿರುವ ಗಾಡಿಯ ಬಗ್ಗೆ ಹೇಳಲು ನಮ್ಮಲ್ಲಿ ಏನೂ ಇಲ್ಲ. ಇಷ್ಟೇ, ಬಹಳ ಮರ್ಯಾದೆಯಿಂದ.

ಅದನ್ನು ಹರಿದು ಹಾಕಬಹುದಿತ್ತು. ಉತ್ತರವೇ ಬರಲಿಲ್ಲ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆಂದು ಸೂಚಿಸಿಯೂ ನೋಡಿದೆ. "ಏನ್ ಬಂದದೋ ಅದನ್ನೇ ಓದ್ರಿ ಸರ್, ಅಕ್ಕೋರ ಮುಂದ," ಎಂದರು ಮಿಸ್ತ್ರಿ.

ಓದಿದೆ. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಅಕ್ಕೋರು ದನಿ ಏರಿಸಲಿಲ್ಲ.

"ನಮ್ಮಪ್ಪನ ಗಾಡಿ ಎಲ್ಲದ ಮಿಸ್ತ್ರಿ?"

ಮಿಸ್ತ್ರಿ ಗಾಡಿಯ ಕಡೆ ಕೈ ತೋರಿಸಿದರು. ಅಕ್ಕೋರು ಒಳಗೆ ಹೋದರು.

ಮರಳುವ ಬಸ್ಸಿನಲ್ಲಿ ಮಿಸ್ತ್ರಿ ನಿಜ ಹೇಳಿದರು. ನಂಬರು ಹೊಡೆದದ್ದು ಅವರೇ. ಗೌಡರು ಒಮ್ಮೆ ಕುಡಿದು ಗಾಡಿಯನ್ನು ಹುಮನಾಬಾದ್ ರಸ್ತೆಯ ಮೋರಿಗೆ ಗುದ್ದಿದ್ದರು. ಮುಂದಿನ ಚಾಸಿ ನುಜ್ಜುಗುಜ್ಜಾಗಿತ್ತು. ನಂಬರಿದ್ದ ಆ ತುಂಡನ್ನು ಕತ್ತರಿಸಿ ತೆಗೆದು, ಹೊಸ ಕಬ್ಬಿಣ ಬೆಸೆದು, ಅದರ ಮೇಲೆ ಮಿಸ್ತ್ರಿ ಅದೇ ನಂಬರು ಹೊಡೆದಿದ್ದರು. ವರ್ಷ ಹಿಡಿದದ್ದು ಅದಕ್ಕೇ. ಬಣ್ಣ ಎನ್ನುವುದು ನೆಪ. ಅಕ್ಕೋರು ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದರು. ಮನೆಯಲ್ಲಿ ಹೇಳಬ್ಯಾಡ ಎಂದು ಗೌಡರು ಮಾತು ತೆಗೆದುಕೊಂಡಿದ್ದರು.

"ಅಕ್ಕೋರಿಗಿ ಹೇಳಿಬಿಡ್ರಿ," ಎಂದೆ. "ಗೌಡರೇ ಇಲ್ಲ ಈಗ."

"ಅದಕ್ಕೇ ಹೇಳಲಾಕ ಬರಲ್ರಿ. ಇದ್ದಿದ್ರ ಕೇಳ್ತಿದ್ದೆ, ನಾ ಕೊಟ್ಟ ಮಾತು, ಜಬಾನ್, ವಾಪಸ್ ಕೊಡ್ರಿ ಗೌಡ್ರ ಅಂತ." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದರು. "ನಂಬರ್ ಮಾತ್ರ ಅದೇ ಹೊಡದೀನಿ. ಹಳೀ ತುಂಡು ಮುಂದಿಟ್ಟಕೊಂಡೇ ಹೊಡದೀನಿ ಸರ್."

"ಆ ತುಂಡು ಎಲ್ಲದ?"

"ಗೌಡ್ರು ಬಾವಿಗಿ ಒಗದ್ರು."

ಕಂಪನಿಯ ಕಾಗದ ತಮ್ಮ ಪರವಾಗಿ ಮಾತಾಡಿಬಿಡುತ್ತದೆ, ತಾವು ಬಾಯಿ ಬಿಡಬೇಕಾಗುವುದಿಲ್ಲ ಎಂದು ಮಿಸ್ತ್ರಿ ನಂಬಿಕೊಂಡಿದ್ದರು.

ಇದಾದ ಮೇಲೆ ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು. ಅಥವಾ ಬಂದರೆಂದು ನಾನು ಆಮೇಲೆ ಸೇರಿಸಿಕೊಂಡೆನೋ... ಈ ದೃಶ್ಯ ನನ್ನ ತಲೆಯಲ್ಲಿ ತೀರ ಚೆನ್ನಾಗಿ ಕೂತಿದೆ. ಅದಕ್ಕೇ ಅದರ ಮೇಲೆ ಅನುಮಾನ. ವರಾಂಡದ ತುಂಬ ಉತ್ತರಪತ್ರಿಕೆಗಳ ಕಟ್ಟು. ಬಾಗಿಲಲ್ಲಿ ಮಿಸ್ತ್ರಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ. "ಇನ್ನೊಂದು ಕಾಗದ ಬರೀಬೇಕ್ರಿ ಸರ್." ನಾನು ತಲೆಯೆತ್ತದೆ, "ಪೇಪರ್ ಮುಗೀಲಿ ಮಿಸ್ತ್ರಿ. ಮುಂದಿನ ವಾರ ಬರ್ರಿ." "ಹೌದ್ರಿ, ಮಕ್ಕಳ ಪೇಪರ್ ಮೊದಲ," ಎಂದು ಹೋದರು. ಹೀಗೆ ಆಗಲೇ ಇಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮುಂದಿನ ವಾರ ಅವರು ಬರಲಿಲ್ಲ. ಗಾಡಿ ಕೆಟ್ಟು ಶೆಡ್ಡಿಗೆ ಹೋದ ದಿನ ಬಾಗಿಲಿಗೆ ಬೀಗವಿತ್ತು. ಪಕ್ಕದ ಲೇತ್ ಅಂಗಡಿಯವರು, ಹೃದಯ ನಿಂತು ಹೋಯಿತು, ಮಣ್ಣು ಮಾಡಿ ಮೂರು ದಿನವಾಯಿತು ಎಂದರು.

ಸ್ಕೂಟರಿನ ಪ್ರಿಂಟನ್ನು ಏಜೆಂಟನಿಗೆ ಕೊಟ್ಟ ಮರುದಿನ ಕಪನೂರಿಗೆ ಹೋದೆ. ಯಾಕೆ ಹೋದೆ ಎಂದರೆ ಹೇಳಲು ಬರುವುದಿಲ್ಲ. ಶೆಡ್ಡಿನಲ್ಲಿ ಈಗ ಕಿಟಕಿಯ ಗ್ರಿಲ್ ಮಾಡುತ್ತಾರೆ. ಹಿಂದಿನ ಮನೆಯಲ್ಲಿ ಮಿಸ್ತ್ರಿಯ ಮಗಳಿದ್ದಾಳೆ. ಅವಳ ಕೂದಲೂ ನರೆತಿದೆ. ನನ್ನ ಗುರುತು ಹಿಡಿದಳು. ಅಬ್ಬಾನ ಸಾಮಾನು ಅಂತ ಉಳಿದದ್ದು ಇದೊಂದೇ ಎಂದು ಒಂದು ಕಟ್ಟಿಗೆಯ ಪೆಟ್ಟಿಗೆ ತಂದಳು. ಅದರೊಳಗೆ ಸಾಲಾಗಿ ಗೂಡುಗಳು. ಒಂದೊಂದರಲ್ಲೂ ಬೆರಳುದ್ದದ ಉಕ್ಕಿನ ಪಂಚು, ತುದಿಯಲ್ಲಿ ಒಂದು ಅಂಕಿ. ಕಬ್ಬಿಣದ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಅಂಕಿ ಮೂಡುತ್ತದೆ. ಎಣಿಸಿದೆ. ಒಂಬತ್ತಿದ್ದವು.

"ಒಂದು ಕಳದದ," ಎಂದೆ. "ಸೊನ್ನಿ ಹಿಡದು ಹತ್ತು ಇರಬೇಕಲ್ಲ?"

ಅವಳು ನಕ್ಕಳು. "ಹತ್ತು ಇರಲ್ರಿ ಸರ್. ಒಂಬತ್ತಕ್ಕ ಬ್ಯಾರೆ ಪಂಚ್ ಯಾಕ? ಆರನ್ನೇ ತಿರುವಿ ಹೊಡೀತಾರ."

ಆರರ ಪಂಚನ್ನು ಎತ್ತಿದೆ. ಅದರ ಒಂದು ಮಗ್ಗುಲಲ್ಲಿ ಕೆಂಪು ಚುಕ್ಕೆಯಿತ್ತು. ಉಳಿದ ಯಾವುದಕ್ಕೂ ಇರಲಿಲ್ಲ.

"ಅದು ನನ್ನ ನೇಲ್ ಪಾಲಿಶ್ ರೀ," ಎಂದಳು. "ಹೇಳದೆ ಕೇಳದೆ ತಗೊಂಡು ಹಚ್ಯಾರ. ನಾ ಜಗಳ ತೆಗದೆ. 'ಮ್ಯಾಲ ಯಾವುದು, ಕೆಳಗ ಯಾವುದು ತಿಳೀಬೇಕು ಬೇಟಾ, ಹಿಂದ ನನಗ ತಿಳೀಲಿಲ್ಲ' ಅಂದ್ರು. ಅದೇ ಸಂಜಿಗಿ ಪೆಟ್ಟಿಗಿ ಬಟ್ಟ್ಯಾಗ ಸುತ್ತಕೊಂಡು ನಿಮ್ಮನಿಗಿ ಬಂದಿದ್ರಲ್ಲ ಸರ್."

ಗಾಡಿಯ ಮೂತಿಯ ಕಡೆಯಿಂದ ಬಗ್ಗಿ, ಅಂಕಿಗಳನ್ನು ತಲೆಕೆಳಗಾಗಿ ನೋಡುತ್ತ ಹೊಡೆಯುವಾಗ ಆ ಒಂದು ಪಂಚು ಅವರ ಕೈಯಲ್ಲಿ ತಿರುಗಿ, ಮೂರನೆಯ ಅಂಕಿ ಆರರ ಬದಲು ಒಂಬತ್ತಾಗಿ ಬಿದ್ದಿರಬೇಕು. ಹೀಗೆಂದು ನಾನು ಊಹಿಸುವುದು. ನೋಡಿದವರು ಯಾರೂ ಇಲ್ಲ.

ಈಗ ಟೈಪ್‌ರೈಟರ್ ಬೇಕಾಗಿಲ್ಲ. ಅದೇ ಕಂಪನಿಗೆ ಮೇಲ್ ಬರೆದೆ, ಮೂರನೆಯ ಅಂಕಿಯನ್ನು ಆರು ಮಾಡಿ. ನಾಲ್ಕೇ ದಿನಕ್ಕೆ ಉತ್ತರ ಬಂತು. ತಿಳಿನೀಲಿ ಬಣ್ಣ, ಒಳಗೆ ಕಂದು ತೊಗಲು, ಹಡಗಿನಲ್ಲಿ ಮುಂಬಯಿ ಬಂದರಿಗೆ ಕಳಿಸಿದ್ದು. ಆಮೇಲೆ ಅದು ಏನಾಯಿತೋ ತಮಗೆ ತಿಳಿಯದು, ನಿಮಗೇನಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಪ್ರಿಂಟ್ ತೆಗೆಸಿಕೊಂಡು ಕಮಲಾಪುರಕ್ಕೆ ಹೋದೆ. ಅಕ್ಕೋರಿಗೆ ಎಂಬತ್ತು ದಾಟಿದೆ. ಕೊಟ್ಟಿಗೆಯಲ್ಲಿ ಈಗ ಕೆಂಪು ಬಾಳೆಯ ಗೊನೆಗಳನ್ನು ಹಣ್ಣಿಗೆ ಇಟ್ಟಿದ್ದಾರೆ. ಗಾಡಿಯನ್ನು ಮಿಸ್ತ್ರಿ ಸತ್ತ ವರ್ಷವೇ ಗುಜರಿಯವರು ಕತ್ತರಿಸಿ ಒಯ್ದಿದ್ದರು. ಯಾರದೋ ಗಾಡಿ ನಮ್ಮಲ್ಲಿ ಯಾಕೆ ಎಂದು ಅಕ್ಕೋರೇ ಕೊಟ್ಟಿದ್ದರಂತೆ.

ಕಾಗದ ಓದಿ ಹೇಳಿದೆ. ಪಂಚಿನ ವಿಷಯ ಹೇಳಿದೆ. ಮೋರಿಯ ವಿಷಯವನ್ನೂ ಹೇಳಿದೆ. ಮಿಸ್ತ್ರಿ ಕೊಟ್ಟ ಮಾತನ್ನು ನಾನು ಮುರಿದೆ. ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಕ್ಕೋರು ನನ್ನ ಕೈಯಿಂದ ಕಾಗದ ತೆಗೆದುಕೊಂಡರು.

"ಅಪ್ಪ ಕುಡೀತಿದ್ದದ್ದು ಇಡೀ ಕಮಲಾಪುರಕ್ಕ ಗೊತ್ತಿತ್ತು ಸರ್. ನಂಗ ಎಂಟು ವರ್ಷ ಇದ್ದಾಗಿಂದ ಗೊತ್ತು. ಮೋರಿಗಿ ಗುದ್ದಿದ್ದೂ ಗೊತ್ತು, ಹಾಸ್ಟೆಲ್‌ಗೇ ಸುದ್ದಿ ಬಂದಿತ್ತು." ಕಾಗದವನ್ನು ಮಡಿಸಿದರು. ಮತ್ತೂ ಮಡಿಸಿದರು. "ಅದನ್ನ ಮುಚ್ಚಿಡಲಾಕ ಮಿಸ್ತ್ರಿ ನನ್ನ ಮುಂದ ಕಳ್ಳ ಆಗಿ ನಿಂತರಾ?"



"ಇದು ನಂಗ ಯಾಕ್ರಿ ಈಗ," ಎಂದು ಕಾಗದವನ್ನು ತಿರುಗಿ ನನ್ನ ಕೈಗಿಟ್ಟರು. "ಅವರು ಇದ್ದಾಗ ತರಬೇಕಾಗಿತ್ತು."

ಬಾಳೆಹಣ್ಣಿನ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೊರಟೆ. ಸ್ಕೂಟರ್ ಈಗ ಬೇರೆಯವರ ಹೆಸರಿನಲ್ಲಿದೆ. ಇಟಲಿಯವರಿಗೆ, ಆ ಗಾಡಿ ಏನಾಯಿತು ಎಂದು ಇನ್ನೂ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ಬಾಗಿಲಿನ ಕಡೆ ನೋಡುತ್ತೇನೆ. ಆ ಸಂಜೆ ನಾನು ಪೇಪರುಗಳಿಂದ ತಲೆಯೆತ್ತಿರಲಿಲ್ಲ. ಮಿಸ್ತ್ರಿಯನ್ನು ಒಳಗೆ ಕರೆದು ಕೂರಿಸಲೂ ಇಲ್ಲ... ಪೆಟ್ಟಿಗೆ ಅವರ ಕಂಕುಳಲ್ಲೇ ಇತ್ತು.