ಕಾಶವ್ವ ಹೇಳಿದ ಸಿನಿಮಾಗಳು

ಅಮೋಘ, ಸಿಂಚನಾ, ಇದು ನಿಮ್ಮಿಬ್ಬರಿಗೆ. ಯಂತ್ರಮಾನವ ಮಾತನಾಡುವುದನ್ನು ನಾನು ಮೊದಲು ಕೇಳಿದ್ದು ಒಂದು ಖಾಲಿ ತಂಬಿಗೆಯೊಳಗಿಂದ. ತಂಬಿಗೆಗೆ ಬಾಯಿ ಹಚ್ಚಿ ಮಾತನಾಡುತ್ತಿದ್ದವಳು ಕಾಶವ್ವ. ಬ್ಯಾಡಗಿಯಲ್ಲಿ ನಾವು ಹತ್ತು ಹೆಂಗಸರು ಸಾಲಾಗಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದೆವು. ರಜೆಯ ದಿನ ಅವಳು ರಾಣೆಬೆನ್ನೂರಿಗೆ ಹೋಗಿ ಸಿನಿಮಾ ನೋಡಿ ಬರುತ್ತಿದ್ದಳು. ಮರುದಿನ ನಮಗೆ ಪೂರ್ತಿ ಹೇಳುತ್ತಿದ್ದಳು, ಹಿನ್ನೆಲೆ ಸಂಗೀತದ ಸಮೇತ. ತಂಬಿಗೆ ಇಳಿಸಿದ ಕೂಡಲೇ ಕೈ ಮತ್ತೆ ತೊಟ್ಟಿಗೆ.

"ಸತ್ತ ಗಂಡನ ನೆನಪೆಲ್ಲಾ ಆ ಯಂತ್ರದಾಗ ತುಂಬ್ಯಾರ," ಎಂದಳು ಒಮ್ಮೆ. "ಅದು ಅಕಿ ಮುಂದ ಕುಂತು, ನೀ ಮದಿವ್ಯಾಗ ಯಾವ ಸೀರಿ ಉಟ್ಟಿದ್ದಿ ಅಂತ ಹೇಳತೈತಿ."

"ಉಣ್ಣತೈತೇನು?" ಪಕ್ಕದ ಶಾಂತವ್ವ ಕೇಳಿದಳು.

"ಉಣ್ಣಂಗಿಲ್ಲ, ಬೈಯಂಗಿಲ್ಲ, ಕುಡ್ಯಂಗಿಲ್ಲ."

"ಹಂಗಾರ ನಮ್ಮನಿಗೊಂದು ಕಳಸಾಕ ಹೇಳವಾ. ನೆನಪು ತುಂಬೂದು ಬ್ಯಾಡ."

ನಗುವಿಗೆ ಘಾಟು ಸೇರಿ ಎಲ್ಲರೂ ಕೆಮ್ಮಿದೆವು. ಮುಂದೇನಾಯಿತು ಎಂದು ಕೇಳಲು ನನಗೆ ನಾಚಿಕೆ, ತಿಳಿಯದೆ ಇರಲೂ ಆಗುತ್ತಿರಲಿಲ್ಲ. ಕಾಶವ್ವ ನನ್ನ ಮುಖ ನೋಡಿ ತಾನೇ ಮುಂದುವರಿಸುತ್ತಿದ್ದಳು.

ಆ ವರ್ಷವೇ ನಿಮ್ಮ ಅಜ್ಜನ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅವರು ನನ್ನನ್ನು ಗುರುತಿಸಲಿಲ್ಲ. ನೀರು ಕೊಟ್ಟರೆ, "ಉಪಕಾರ ಆತ್ರಿ ಅಕ್ಕಾರ," ಎನ್ನುತ್ತಿದ್ದರು. ಮೂವತ್ತು ವರ್ಷ ಜೊತೆಗೆ ಬಾಳಿದವರ ಬಾಯಲ್ಲಿ ಆ ಮಾತು ಕೇಳಿದಾಗಲೆಲ್ಲ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಕಾಶವ್ವನಿಗೆ ಮಾತ್ರ ಅನುಮಾನವೇ ಇಲ್ಲ. "ಎಷ್ಟು ಸಿನಿಮಾ ನೋಡೇನಿ ತಂಗಿ. ನೆನಪು ಹೋದವ್ರಿಗೆ ಹಳೇದೊಂದು ತೋರ್ಸಿದ್ರ ಎಲ್ಲಾ ಗಿರಗಿರ ತಿರುಗಿ ಬರತೈತಿ. ತಲಿಗೆ ಹೊಡದ್ರೂ ಬರತೈತಿ, ಅದು ಬ್ಯಾಡ. ನೀ ಒಡಪು ಹೇಳು."

ಗಂಡನ ಹೆಸರನ್ನು ಪದ್ಯದಲ್ಲಿ ಕೂಡಿಸಿ ಹೇಳುವುದೇ ಒಡಪು. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ತಡೆದಾಗ ನಾನು ಎಷ್ಟು ಮೆಲ್ಲಗೆ ಹೇಳಿದ್ದೆನೆಂದರೆ, ಅದು ಅವರೊಬ್ಬರಿಗೇ ಕೇಳಿಸಿತ್ತು. ಆಮೇಲೆ ಆ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ.

ಭಾನುವಾರ ಕಾಶವ್ವ ಹೆಂಗಸರನ್ನೆಲ್ಲ ಕರೆತಂದು ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿದಳು. ಒಳಗೆ ಮಂಚದ ಮೇಲೆ ಅವರು. ಅವಳು ಬಾಯಲ್ಲೇ ಶಹನಾಯಿ ನುಡಿಸಿದಳು. ನಾನು ಓಣಿಗೆಲ್ಲ ಕೇಳುವಂತೆ ಹೇಳಿಯೇ ಬಿಟ್ಟೆ:

"ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೆಂಪ, ಬಸವರಾಜರ ಮಾತು ನನ್ನೆದಿಗೆ ತಂಪ."

ಕಾಶವ್ವ ಉಸಿರು ಹಿಡಿದು, ಪರದೆ ನೋಡುವ ಹಾಗೆ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ನಕ್ಕರು. "ಭಾಳ ಚಲೋ ಹೇಳಿದ್ರಿ ಅಕ್ಕಾರ. ಯಾರ್ರಿ ಈ ಬಸವರಾಜ? ನಸೀಬವಾನ ಅದಾನ ನೋಡ್ರಿ."

ಕಾಶವ್ವ ಹೊರಗೆ ಕಟ್ಟೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡಳು. "ಸಿನಿಮಾದವ್ರು ಮೂರು ತಾಸಿನ್ಯಾಗ ಮುಗಸೂ ಅವಸರಕ್ಕ ಸುಳ್ಳ ಹೇಳ್ಯಾರ, ಖೋಡಿಗೋಳು. ಆದ್ರ ಅಣ್ಣಾರು ನಕ್ಕಾರಲ್ಲ ತಂಗಿ. ನಾಳೆನೂ ಹೇಳು."

ಹೇಳಿದೆ. ಮರುದಿನ, ಅದರ ಮರುದಿನ, ಅವರು ಇದ್ದ ಎರಡು ವರ್ಷವೂ. ಅವರಿಗೆ ದಿನವೂ ಅದು ಹೊಸದು, ನನಗೆ ದಿನವೂ ಕೆನ್ನೆ ಬಿಸಿ. ಹಳೆಯ ನೆನಪು ಬರಲೇ ಇಲ್ಲ. ಆದರೆ ಆರು ತಿಂಗಳಿಗೆ "ಅಕ್ಕಾರ" ಎನ್ನುವುದು ನಿಂತಿತು. ನಾನು ಕಾಣದಿದ್ದರೆ, "ನನ್ನ ಒಡಪಿನಾಕಿ ಎಲ್ಲಿ ಹೋದ್ಲು?" ಎಂದು ಹುಡುಕತೊಡಗಿದರು.

ಓಡಿ ಹೋಗಿ ಕಾಶವ್ವನಿಗೆ ಹೇಳಿದೆ. ಅವಳು ಮೆಣಸಿನಕಾಯಿಯ ಕೈಯಲ್ಲೇ ನನ್ನ ಗಲ್ಲ ಹಿಡಿದು, "ಇದನ್ನ ಯಾವ ಸಿನಿಮಾದವ್ರೂ ಇನ್ನಾ ತಗದಿಲ್ಲ ಬಿಡು," ಎಂದಳು. ಸಂಜೆಯವರೆಗೂ ಗಲ್ಲ ಉರಿಯಿತು, ನಾನು ತೊಳೆಯಲಿಲ್ಲ.

ಹೋದ ಚಳಿಗಾಲ ಕಾಶವ್ವ ತೀರಿಕೊಂಡಳು. ಅವಳ ಹಾಗೆ ನಾಲ್ಕು ಮಂದಿಯ ಮುಂದೆ ಕಥೆ ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆದೆ. ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ, ಬೇಡ ಎನ್ನುವುದಿಲ್ಲ. ಹಾಳೆಗಳನ್ನೂ ಜೋಪಾನ ಮಾಡಿ ಮಕ್ಕಳೇ, ನಿಮ್ಮ ಅಜ್ಜನ ಹೆಸರನ್ನು ನಾನು ಕೈಯಾರೆ ಬರೆದದ್ದು ಇದೊಂದೇ ಕಡೆ.