ಅಂದಾನೆಪ್ಪ ತಿನ್ನದ ತಂಬಾಕು

"ಅವ್ವಾ, ಅಂದಾನೆಪ್ಪಜ್ಜ ಕದ್ದು ತಂಬಾಕ ತಿಂತಾನಂತ. ಮತ್ತ ಅವನ ಹಲ್ಲು ಯಾಕ ಅಷ್ಟು ಬೆಳ್ಳಗ ಅದಾವು?"

ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದ ಐದು ವರ್ಷದ ಮಗಳು ಹೀಗೆ ಕೇಳಿದಾಗ ಪೂರ್ಣಿಮಾಳ ಕೈ ಅರ್ಧಕ್ಕೇ ನಿಂತಿತು.

"ಯಾರು ಹೇಳಿದ್ರು ನಿನಗ?"

"ನಳದ ಹತ್ರ ಎಲ್ಲಾರೂ ಅಂತಾರ."

ಎಲ್ಲರೂ ಅನ್ನುತ್ತಿದ್ದದ್ದು ನಿಜ. ಮುಂಡಗೋಡಿನಿಂದ ಮೂರು ಮೈಲಿ ಆಚೆಯ ಆ ಊರಿನಲ್ಲಿ, ೨೦೦೭ರ ಬೇಸಿಗೆಯಲ್ಲಿ, ಪಕ್ಕದ ಮನೆಯ ಅಂದಾನೆಪ್ಪನ ಗಂಟಲಿನ ಸುದ್ದಿ ಆಡದ ಬಾಯಿಯೇ ಇರಲಿಲ್ಲ.

ಅಂದಾನೆಪ್ಪ ದನದ ದಲಾಲಿ. ಮುಂಡಗೋಡ, ಹಳಿಯಾಳದ ಸಂತೆಗಳಲ್ಲಿ ಮೂವತ್ತು ವರ್ಷ ಓಡಾಡಿದವನು. ವಯಸ್ಸಿನಲ್ಲಿದ್ದಾಗ ಬೆಳಗಾವಿ ಕಡೆಗೆ ಎತ್ತು ಹೊಡೆದುಕೊಂಡು ಹೋದರೆ ಹದಿನೈದು ದಿನ ಮನೆಯ ಕಡೆ ತಲೆ ಹಾಕುತ್ತಿರಲಿಲ್ಲ. ಎತ್ತಿನ ತುಟಿ ಎತ್ತಿ ಹಲ್ಲಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಮಾರುವವನು ಹೇಳಿದ ವಯಸ್ಸಿಗೆ ಎರಡು ವರ್ಷ ಕೂಡಿಸಿ ನಗುತ್ತಿದ್ದ. ದಲಾಲಿಗಳ ನಡುವೆ ಮಾತು ಶುರುವಾಗುವ ಮೊದಲು ತಂಬಾಕು ಅಂಗೈಯಿಂದ ಅಂಗೈಗೆ ದಾಟಬೇಕು, ಅದು ರೂಢಿ. ಅವನೊಬ್ಬನೇ ಕೈ ಹಿಂದೆಗೆಯುತ್ತಿದ್ದ. "ಎತ್ತಿನ ಬಾಯಿ ನೋಡೂದ ಸಾಕಾಗೇತಿ, ನನ್ನ ಬಾಯಿ ಯಾಕ ಕೆಡಿಸ್ತೀರಪಾ?" ಎನ್ನುತ್ತಿದ್ದ. ಆ ಸಂತೆಗಳಲ್ಲಿ ಅದು ಅವನ ಗುರುತೇ ಆಗಿತ್ತು.

ದೀಪಾವಳಿ ಹೊತ್ತಿಗೆ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ರೊಟ್ಟಿ ಇಳಿಯದಾಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಗಂಟಲ ಕ್ಯಾನ್ಸರ್ ಎಂದರು.

"ಎಷ್ಟು ವರ್ಷದಿಂದ ತಿಂತೀರಿ?" ಎಂದು ಕೇಳಿದರು ದೊಡ್ಡ ಡಾಕ್ಟರು.

"ಒಮ್ಮೆನೂ ತಿಂದಿಲ್ರಿ."

"ಎಲ್ಲಾರೂ ಹಿಂಗ ಅಂತಾರ್ರಿ ಅಜ್ಜಾರ," ಎಂದು ಅವರು ಬರೆದುಕೊಂಡರು. ಏನು ಬರೆದುಕೊಂಡರೋ, ಅಂದಾನೆಪ್ಪನಿಗೆ ಗೊತ್ತಾಗಲಿಲ್ಲ.

ಹೆಂಡತಿ ಗುರುಬಸವ್ವ ಅಂದು ಮನೆಗೆ ಬಂದವಳೇ ಅವನ ಕೋಟಿನ ಕಿಸೆ ಜಾಡಿಸಿದಳು. ಹುಲ್ಲಿನ ಬಣವೆಯೊಳಗೆ ಕೈ ಹಾಕಿದಳು, ದನದ ಗೋದಲಿಯ ಸಂದಿ ಬಗೆದಳು. ಏನೂ ಸಿಗಲಿಲ್ಲ. ಸಿಗದೆ ಹೋದದ್ದರಿಂದಲೇ ಅವಳ ಅನುಮಾನ ಗಟ್ಟಿಯಾಯಿತು. "ಎತ್ತಿನ ವಯಸ್ಸು ಮುಚ್ಚಿಡೋ ಮನಷ್ಯಾಗ ಒಂದು ಚೀಟಿ ತಂಬಾಕ ಮುಚ್ಚಿಡೂದು ದೊಡ್ಡ ಮಾತಾ?" ಎಂದು ಬೇಲಿಯಾಚೆಯಿಂದ ಪೂರ್ಣಿಮಾಳಿಗೆ ಕೇಳಿಸುವಂತೆಯೇ ಅಂದಳು.

ಅದೇ ಆಸ್ಪತ್ರೆಯಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರಮ್ಮನಿಗೆ ಮಾತ್ರ ಅವನ ಸ್ವಚ್ಛ ಬಾಯಿ ನೋಡಿ ಸಂಶಯ ಬಂದಿತ್ತು. ಗಂಟಲಿನ ಚೂರನ್ನು ಮುಂಬಯಿಗೆ ಕಳಿಸಿದ್ದರು. ವರದಿ ಬಂದ ದಿನ ಗುರುಬಸವ್ವನ ಎಮ್ಮೆ ಈದಿತ್ತು. ಇಂಗ್ಲಿಷ್ ಓದಲು ಬರುವವಳೆಂದು ಪೂರ್ಣಿಮಾಳೇ ಕಂಕುಳಲ್ಲಿ ಕಿರಿಯ ಕೂಸಿನೊಂದಿಗೆ ಅವನ ಜೊತೆ ಬಸ್ಸು ಹತ್ತಿದಳು.

"ನೀವು ಸುಳ್ಳು ಹೇಳಿಲ್ಲ. ಇದು ತಂಬಾಕಿಂದಲ್ಲ, ಒಂದು ವೈರಸ್ಸಿಂದ ಬಂದದ್ದು," ಎಂದರು ಡಾಕ್ಟರಮ್ಮ. ಅಂದಾನೆಪ್ಪ ಪೂರ್ಣಿಮಾಳ ಕಡೆ ತಿರುಗಿ, ಸಂತೆಯಲ್ಲಿ ಗೆದ್ದವನಂತೆ ತಲೆ ಎತ್ತಿದ.

"ಹೊರದೇಶದಾಗ ಇಂಥಾ ರೋಗಿಗಳು ಭಾಳ. ಅಲ್ಲೆ ಇವರು ತಂಬಾಕಿನವರಿಗಿಂತ ಚೊಲೋ ಗುಣಾ ಆಗ್ತಾರ. ನಮ್ಮ ಕಡೆ ಇಂಥವರು ಕಡಿಮಿ. ಇದ್ದವರೂ ತಂಬಾಕ ತಿಂದಿರ್ತಾರ, ತಡಾ ಮಾಡಿ ಬರ್ತಾರ. ಅದಕ್ಕ ಅಲ್ಲೀ ಮಾತು ನಿಮಗ ಹಂಗ ಹಚ್ಚಾಕ ನನಗ ಧೈರ್ಯ ಇಲ್ಲ. ಆದ್ರ ಏಳು ವಾರ ಕರೆಂಟ್, ಅಂದ್ರ ರೇಡಿಯೇಶನ್, ಕೊಡಿಸಿಕೊಂಡ್ರ ಉಳಿಯೋ ಆಸೆ ಐತಿ. ಬರೋ ಸೋಮವಾರನ ಬರ್ರಿ."

"ಅದು ಹೆಂಗ ಬರ್ತೈತ್ರಿ, ಆ ವೈರಸ್?"

ಡಾಕ್ಟರಮ್ಮ ದನಿ ತಗ್ಗಿಸಿದರು. "ಗಂಡು ಹೆಣ್ಣು ಕೂಡೂದರಾಗ ದಾಟ್ತೈತಿ. ಯಾರಿಂದ, ಯಾವಾಗ ಅಂತ ಯಾರೂ ಹೇಳಾಕ ಬರೂದಿಲ್ಲ. ಇಪ್ಪತ್ತು ವರ್ಷ ಸುಮ್ಮನ ಇದ್ದು ಏಳಬಹುದು. ಹೆಂಗಸರಿಗೆ ಇದ ವೈರಸ್ ಗರ್ಭಕೋಶದ ಬಾಯಿಗೆ ರೋಗ ತರ್ತೈತಿ."

ಬಸ್ಸಿನಲ್ಲಿ ಅಂದಾನೆಪ್ಪ ಊರು ಹತ್ತಿರವಾದಾಗ ವರದಿಯನ್ನು ನಾಲ್ಕು ಮಡಿಕೆ ಮಾಡಿ ಒಳಕಿಸೆಗೆ ಇಳಿಸಿದ. "ಮನ್ಯಾಗ ನಾನ ಹೇಳ್ತೇನಿ. ನೀ ಏನೂ ಅನಬ್ಯಾಡ."

ಅವನು ಹೇಳಿದ್ದು ಬೇರೆಯೇ. ಮರುದಿನ ಹೊತ್ತೇರುವಾಗ ಕಟ್ಟೆಯ ಮೇಲೆ ಹತ್ತು ಜನರ ಮುಂದೆ ಕಿಸೆಯಿಂದ ತಂಬಾಕಿನ ಚೀಟಿ ತೆಗೆದು ಪೊಟ್ಟಣ ಹರಿದ. "ತಿಂತಿದ್ನೆಪಾ, ಮೂವತ್ತು ವರ್ಷ. ಮುಚ್ಚಿಟ್ಟು ಸಾಕಾತು." ಒಂದು ಚಿಟಿಕೆ ಬಾಯಿಗೂ ಹಾಕಿದ. ಗುರುಬಸವ್ವ ಅತ್ತಳು, ಅವನ ವಂಶವನ್ನೆಲ್ಲ ಎಳೆದು ಬೈದಳು, ಮಧ್ಯಾಹ್ನಕ್ಕೆ ತೆಳ್ಳಗೆ ಗಂಜಿ ಮಾಡಿ ತಾನೇ ಕುಡಿಸಿದಳು. ಓಣಿಗೆ ಸಮಾಧಾನವಾಯಿತು.

ಪೂರ್ಣಿಮಾಳಿಗೆ ಮಾತ್ರ ಅಂದಿನಿಂದ ನೆಮ್ಮದಿ ಇಲ್ಲ. ನಾಲ್ಕು ತಿಂಗಳು ಆಣೆ ಮಾಡಿ ಇಲ್ಲವೆಂದವನು, ವರದಿಯೇ ತಂಬಾಕಲ್ಲವೆಂದ ಮರುದಿನ ಹೌದೆನ್ನುವುದೆಂದರೇನು? ಬಟ್ಟೆ ಒಣಹಾಕುತ್ತ ಕಂಡಿದ್ದಳು: ಕಟ್ಟೆಯಿಂದ ಬಂದವನು ಹಿತ್ತಿಲಲ್ಲಿ ಕೆಮ್ಮಿ ಕೆಮ್ಮಿ ಉಗುಳಿ, ಮೂರು ತಂಬಿಗೆ ನೀರಿನಲ್ಲಿ ಬಾಯಿ ಮುಕ್ಕಳಿಸಿದ್ದ. ಎಸೆದ ಚೀಟಿ ಗಾಳಿಗೆ ಹಾರಿ ಅವಳ ಅಂಗಳಕ್ಕೇ ಬಿದ್ದಿತ್ತು.

ಶನಿವಾರ ಬೇಲಿಯ ಹತ್ತಿರ ಗುರುಬಸವ್ವನನ್ನು ಕೇಳಿದಳು, "ಎದುರುಮನಿ ನೀಲಮ್ಮನ ಕಡೆ ಕೂಸು ಬಿಟ್ಟು ಬರ್ಲೇನು ಅಜ್ಜಿ, ಸೋಮವಾರ ನಿಮ್ಮ ಜೋಡಿ?"

"ಎಲ್ಲಿಗೆ? ಯಾಕ?" ಗುರುಬಸವ್ವ ಸೆಗಣಿಯ ಕೈ ಜಾಡಿಸಿದಳು. "ಮಠದ ಓಣಿ ಅಡಿವೆಯ್ಯ ತಂಬಾಕಿನವ. ಕರೆಂಟ್ ಕೊಡಿಸಿಕೊಂಡು ಬಂದು ಮೂರು ತಿಂಗಳಿಗೆ ಹೋದ. ತಾಂಡೆದ ಮೋತಿಲಾಲನೂ ಹೋದ. ಕುಂಬಾರವಾಡದಾಂವ ಒಬ್ಬಾಂವ ಬಸ್ಸು ಸಿಗದ ನಡುವ ಬಿಟ್ಟು ಹೋದ. ತಂಬಾಕಿಂದು ಬಂತಂದ್ರ ಅಷ್ಟ. ಸುಡಿಸಿಕೊಂಡು ಸಾಯೂದಕಿಂತ ಮನ್ಯಾಗ ಗಂಜಿ ಕುಡಕೊಂಡು ಇರ್ಲಿ."

ಮರ್ಯಾದೆ ಉಳಿಸಲು ಹೇಳಿದ ಸುಳ್ಳು ಜೀವಕ್ಕೇ ಬಂದಿತ್ತು. ಪೂರ್ಣಿಮಾ ಕೂಸನ್ನು ಎತ್ತಿಕೊಂಡು ನೇರ ದನದ ಕೊಟ್ಟಿಗೆಗೆ ನಡೆದಳು. ಅಂದಾನೆಪ್ಪ ಹೊಸ ಕರುವಿನ ಮೈ ಉಜ್ಜುತ್ತಿದ್ದ.

"ಅಜ್ಜಾ, ಆ ತಂಬಾಕಿನ ಚೀಟಿ ಯಾವಾಗಿಂದು?"

"ಹಳೇದು."

"ಅದರ ಮ್ಯಾಲ ಇದ ತಿಂಗಳ ತಾರೀಕು ಐತಿ."

ಅವನು ನಕ್ಕ, ನಗು ಕೆಮ್ಮಾಯಿತು. "ನೀ ದಲಾಲಿ ಮಾಡಬೇಕಿತ್ತವಾ."

"ಖರೇ ಹೇಳಿದ್ರ ಅಜ್ಜಿ ನಿನ್ನ ಕರಕೊಂಡು ಹೋಗ್ತಾಳ. ಉಳಿಯೋ ರೋಗ ಅಂತ ಅಕಿಗೆ ಗೊತ್ತ ಇಲ್ಲ."

"ತಂಬಾಕ ಅಂದೆ, ಬೈದು ಗಂಜಿ ಕುಡಿಸಿದ್ಲು. ಆ ಮಾತು ಅಂದ್ರ ಗಂಜಿನೂ ಇಲ್ಲ."

"ಗಂಜಿ ಇಳಿಯಾಕ ಗಂಟಲ ಬೇಕಲ್ಲ ಅಜ್ಜಾ? ಯಾರಿಂದ ಬಂತು ಅಂತ ಹೇಳಾಕ ಬರೂದಿಲ್ಲ ಅಂತ ಡಾಕ್ಟರ ಅಂದಾರ."

"ಡಾಕ್ಟರಿಗೆ ಬರೂದಿಲ್ಲ," ಎಂದ ಅಂದಾನೆಪ್ಪ, ಕರುವಿನ ಬೆನ್ನಿನಿಂದ ಕಣ್ಣು ಕೀಳದೆ. "ಸಂತಿ ಸಂತಿ ಮಲಗಿದಾಂವ ನಾನು. ನನಗ ಗೊತ್ತೈತಿ."

ಪೂರ್ಣಿಮಾಳಿಗೆ ಸಿಟ್ಟು ಬಂತು. ಅಜ್ಜ ಅಜ್ಜ ಎಂದು ಮಗಳು ಹಿಂದೆ ಬೀಳುವ ಮನುಷ್ಯನ ಮೇಲೆ, ದಿನಾ ಗಂಜಿ ಆರಿಸಿ ಕುಡಿಸುತ್ತಿದ್ದ ಹೆಂಗಸಿನ ಪರವಾಗಿ ಬಂದ ಸಿಟ್ಟು. ಆದರೆ ಸೋಮವಾರಕ್ಕೆ ಎರಡೇ ದಿನವಿತ್ತು.

"ಇವತ್ತ ಹೇಳು," ಎಂದಳು. "ಬೈಯೂದೆಲ್ಲಾ ಬೈಯಲಿ. ನಾ ಬೇಲಿ ಹತ್ರನ ಇರ್ತೇನಿ."

ಅವನು ಕರುವಿನ ಮೈ ಉಜ್ಜಿ ಮುಗಿಸಿದ. ಆಮೇಲೆ ಒಳಕಿಸೆಯಿಂದ ಮಡಿಸಿದ ವರದಿ ತೆಗೆದು ಅವಳ ಕೈಗಿಟ್ಟ.

"ಹೇಳ್ತೇನಿ. ಆದ್ರ ನಿನ್ನಿಂದ ಒಂದು ಕೆಲಸ ಆಗಬೇಕು ತಂಗೀ. ಹೆಂಗಸರಿಗೂ ಬರ್ತೈತಿ ಅಂದ್ಲಲ್ಲ ಆ ಡಾಕ್ಟರಬಾಯಿ. ನಾ ಕರದ್ರ ಅಕಿ ಇನ್ನ ಬರೂದಿಲ್ಲ. ನನ್ನ ಜೋಡಿ ಅಲ್ಲ, ನಿನ್ನ ಜೋಡಿ ಕರಕೊಂಡು ಹೋಗು. ಅಕಿನ್ನೂ ಒಮ್ಮೆ ತೋರಸು."